ಬೇರೆ ಸರ್ಕಾರದ ನಾಯಿ

ನಾಯಿ ಬೀಳಬೇಕಿತ್ತು. ಬೀಳಲಿಲ್ಲ. ಗುಡ್ಡದ ಅಂಚು ಮುಗಿದು ಹತ್ತು ಹೆಜ್ಜೆಯಾದರೂ ಅದು ಗಾಳಿಯ ಮೇಲೆ ಓಡುತ್ತಲೇ ಇತ್ತು. ಮುಂದೆ ಕೋಳಿ, ಹಿಂದೆ ನಾಯಿ. ಕೋಳಿಗಾದರೆ ರೆಕ್ಕೆ ಇದೆ, ಒಪ್ಪೋಣ. ನಾಯಿಗೇನಿತ್ತು? ಕೆಳಗೆ ನೆಲವಿಲ್ಲ, ಮೇಲೆ ಹಗ್ಗವಿಲ್ಲ. ಆಮೇಲೆ ಅದು ನಿಂತಿತು. ಒಂದು ಕಾಲು ಇಳಿಬಿಟ್ಟು ನೆಲಕ್ಕಾಗಿ ತಡಕಾಡಿತು. ಕೆಳಗೆ ನೋಡಿತು. ತಲೆಯೆತ್ತಿ ನಮ್ಮನ್ನು ನೋಡಿತು. ಗುಟುಕು ನುಂಗಿತು. ಆಗ ಬಿತ್ತು. ಅದಾದರೂ ಹೇಗೆ? ಮೊದಲು ಮೈ ಬಿತ್ತು, ತಲೆ ಅಲ್ಲೇ ಉಳಿಯಿತು. ಕುತ್ತಿಗೆ ಶಾವಿಗೆಯ ಎಳೆಯಂತೆ ಉದ್ದಕ್ಕೆ ಹಿಗ್ಗುತ್ತ ಹೋಗಿ, ಕೊನೆಗೆ ತಲೆಯೂ ಅದರ ಹಿಂದೆ ಇಳಿಯಿತು. ಕೆಳಗೆ ನೆಲದಲ್ಲಿ ನಾಯಿಯ ಆಕಾರದ್ದೇ ಒಂದು ಕುಣಿ ಬಿದ್ದಿತ್ತು.

ನನಗೆ ಆಗ ಹನ್ನೊಂದೋ ಹನ್ನೆರಡೋ. ದೊಡ್ಡ ಲಡಾಯಿ ನಡೆದ ಕಾಲ. ಅದು ನಾನು ಕಂಡ ಮೊದಲ ಸಿನಿಮಾ, ಬರೆದ ಚಿತ್ರಗಳನ್ನು ಓಡಿಸುವ ಸಿನಿಮಾ. ಈಗಿನ ಮಕ್ಕಳು ಕಾರ್ಟೂನು ಎನ್ನುತ್ತಾರೆ. ನಾವು 'ನಾಯಿ ಸಿನಿಮಾ' ಎಂದೆವು, ಅಷ್ಟೇ. ನನ್ನ ಓದು ನಿಂತದ್ದು ಆ ನಾಯಿಯ ದೆಸೆಯಿಂದ ಎಂದು ನಮ್ಮ ಮನೆಯಲ್ಲಿ ಈಗಲೂ ನಗುತ್ತಾರೆ. ನಗಲಿ. ನಾಯಿಯದೇನೂ ತಪ್ಪಿರಲಿಲ್ಲ. ತಪ್ಪು ನನಗೆ ಸಾಲಿ ಕಲಿಸಿದ ಅಕ್ಕೋರದು. ಇಷ್ಟು ವರ್ಷವಾದರೂ ಅದನ್ನು ಮೆತ್ತಗೆ ಹೇಳಲು ನಾನು ಕಲಿತಿಲ್ಲ, ಕಲಿಯುವ ಮನಸ್ಸೂ ಇಲ್ಲ.

ನಮ್ಮದು ಭೀಮಾ ದಂಡೆಯ ಹಳ್ಳಿ, ಅಫಜಲಪುರ ತಾಲೂಕು, ಘತ್ತರಗಿಗೆ ಒಂದು ಹರದಾರಿ. ಹೊಳೆಯ ಈ ಕಡೆ ನಿಜಾಮ ಸರ್ಕಾರ, ಆ ಕಡೆ ಇಂಗ್ರೇಜಿ ಸರ್ಕಾರ. ನಡುವೆ ನೀರು, ನೀರಿನ ಮೇಲೆ ಹರಗೋಲು. ಈ ಕಡೆ ಸಾಲಿಯಲ್ಲಿ ಮೇಲಿನ ತರಗತಿಗೆ ಹೋದಂತೆಲ್ಲ ಉರ್ದು, ಆ ಕಡೆ ಉರ್ದುವಿನ ಸುದ್ದಿಯೇ ಇಲ್ಲ. ಆ ಕಡೆಯಿಂದ ಒಂದು ಸೀರೆ ತಂದರೆ ದಂಡೆಯ ನಾಕಾದಲ್ಲಿ ಸುಂಕದವರು ಗಂಟು ಬಿಚ್ಚಿಸುತ್ತಿದ್ದರು. ನಮ್ಮೂರಲ್ಲಿ ಒಬ್ಬ ಬಡಿದಾಡಿ ಹೊಳೆಗೆ ಹಾರಿ ಈಜಿ ಹೋದಾಗ ಪೊಲೀಸರು ಈ ದಂಡೆಯಲ್ಲಿ ಲಾಠಿ ಹಿಡಿದು ನಿಂತೇ ಇದ್ದರು. ಅವನು ಆ ದಂಡೆಯಲ್ಲಿ ಕೂತು, ಇವರು ನೋಡುತ್ತಿದ್ದಂತೆಯೇ ಧೋತರ ಒಗೆದು ಹಿಂಡಿ ಒಣಹಾಕಿದ. ನಮಗೆ ಕಾನೂನು ಎಂದರೆ ಅದು: ಹೊಳೆಯವರೆಗೆ ನಡೆಯುವಂಥದ್ದು. ಆಮೇಲೆ ಬೇರೆ ಸರ್ಕಾರ, ಬೇರೆ ಕಾನೂನು. ಇದು ನಮಗೆ ವಿಚಿತ್ರವೇ ಅನಿಸುತ್ತಿರಲಿಲ್ಲ.

ಚಾವಡಿಯ ಹಿಂದಿನ ಕೋಣೆಯೇ ನಮ್ಮ ಸಾಲಿ. ಹದಿನಾಲ್ಕು ಹುಡುಗಿಯರು, ಒಬ್ಬರೇ ಅಕ್ಕೋರು. ಆಳಂದದವರು. ಇಪ್ಪತ್ತನಾಲ್ಕರ ಆಸುಪಾಸು ಇದ್ದಿರಬೇಕು, ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡಿದ್ದ. ಬಳೆಯಿಲ್ಲದ ಕೈಯಲ್ಲಿ ಸುಣ್ಣದ ಕಡ್ಡಿ ಹಿಡಿದು ಬರೆಯುತ್ತಿದ್ದರೆ ಅಕ್ಷರ ಅಚ್ಚು ಹಾಕಿದಂತೆ. ಅವರ ಸಂಬಳದಿಂದ ಆಳಂದದಲ್ಲಿ ತಾಯಿ ಮತ್ತು ಇಬ್ಬರು ತಮ್ಮಂದಿರು ಉಣ್ಣುತ್ತಿದ್ದರು. ಇದೆಲ್ಲ ನನಗೆ ಆಗಲೇ ಗೊತ್ತಿತ್ತು ಎಂದು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನಗೆ ತಿಳಿಸಿಕೊಡುವ ತೊಂದರೆ ತೆಗೆದುಕೊಳ್ಳಬಾರದು.

ನಾನು ಅವರನ್ನು ಎಷ್ಟು ಹಚ್ಚಿಕೊಂಡಿದ್ದೆನೆಂದರೆ, ಅವರು ನಡೆಯುವ ಹಾಗೆ ನಡೆಯುತ್ತಿದ್ದೆ, ಅವರು ಸೀನುವ ಹಾಗೆ ಸೀನುತ್ತಿದ್ದೆ. ಕಾರಣವಿತ್ತು. ನಮ್ಮ ಮನೆಯಲ್ಲಿ 'ಯಾಕ' ಎಂಬ ಮಾತು ಬೈಯಲಿಕ್ಕೆ ಇದ್ದದ್ದು. ಯಾಕ ತಡ ಮಾಡಿದಿ, ಯಾಕ ಹಾಲು ಉಕ್ಕಿಸಿದಿ. ಅಕ್ಕೋರು 'ಯಾಕ?' ಎಂದು ಕೇಳಿ ಸುಮ್ಮನೆ ಕೂತು ಉತ್ತರಕ್ಕೆ ಕಾಯುತ್ತಿದ್ದರು. ಉತ್ತರ ತಪ್ಪಿದ್ದರೂ ಪೂರ್ತಿ ಕೇಳುತ್ತಿದ್ದರು.

ಆ ವರ್ಷ ಒಂದು ಹುಕುಂ ಬಂದಿತ್ತು. ಆಳಂದ, ಅಫಜಲಪುರ, ಜೇವರ್ಗಿ, ಮೂರೂ ತಾಲೂಕಿಗೆ ಸೇರಿಸಿ ಒಬ್ಬ ಹುಡುಗಿಗೆ ವಜೀಫಾ. ಕಲಬುರಗಿಯ ದೊಡ್ಡ ಸಾಲಿ, ಇರಲು ಜಾಗ, ಊಟ, ಪುಸ್ತಕ ಎಲ್ಲ ಸರ್ಕಾರದ್ದು. ಯಾರಿಗೆ ಎಂದು ಇನ್ಸ್‌ಪೆಕ್ಟರ್ ಸಾಹೇಬರು ಊರೂರು ತಿರುಗಿ ನೋಡಿ ಹೇಳುವವರು. ನಮ್ಮ ಅಪ್ಪ ಅಕ್ಷರ ಬಾರದ ಒಕ್ಕಲಿಗ. ಆದರೂ, "ವಜೀಫಾ ಸಿಕ್ರ ಕಳಸ್ತೇನಿ. ಸಿಗಲಿಲ್ಲಂದ್ರ ನಾಕನೇತ್ತಕ್ಕ ಸಾಲಿ ಮುಗೀತು" ಎಂದು ಅಕ್ಕೋರ ಮುಂದೆ ಮಾತು ಕೊಟ್ಟಿದ್ದ. ಅಷ್ಟು ಮಾತು ಕೊಡುವ ತಂದೆ ಆಗ ಸುತ್ತ ಹತ್ತು ಊರಲ್ಲಿ ಇರಲಿಲ್ಲ.

ಆಗ ಹೊಳೆಯಾಚೆಯ ಊರಿಗೆ ಲಡಾಯಿಯ ಮೋಟಾರು ಬಂತು. ಇಂಗ್ರೇಜಿ ಸರ್ಕಾರ ಹಳ್ಳಿಹಳ್ಳಿಗೆ ಮೋಟಾರು ಕಳಿಸಿ ಯುದ್ಧದ ಸಿನಿಮಾ ತೋರಿಸಿ ಸಿಪಾಯಿಗಳನ್ನು ಸೇರಿಸಿಕೊಳ್ಳುತ್ತಿತ್ತು. ಆಳಂದದಲ್ಲಿ ಪೆಂಡಾಲು ಸಿನಿಮಾ ನೋಡಿ ಬೆಳೆದ ಅಕ್ಕೋರಿಗೆ ನಮ್ಮೂರಿಗೆ ಬಂದ ಮೇಲೆ ಅದರ ಹಸಿವೆ. ಸುದ್ದಿ ಕೇಳಿದ ದಿನದಿಂದ ಕೂತಲ್ಲಿ ಕೂಡಲಿಲ್ಲ. ಕೊನೆಗೆ ನನ್ನ ಮತ್ತು ಇನ್ನಿಬ್ಬರು ಹುಡುಗಿಯರ ಮನೆಗೆ ಬಂದು, "ಘತ್ತರಗಿ ಭಾಗ್ಯವಂತಿಗೆ ಹರಕಿ ಅದ, ಹುಡಿಗ್ಯಾರ್ನ ಕರಕೊಂಡು ಹೋಗಿ ಬರ್ತೇನಿ" ಎಂದರು. ಅವ್ವ ಬುತ್ತಿ ಕಟ್ಟಿದಳು, ದೇವಿಗೆ ಒಂದು ಕುಪ್ಪಸದ ಖಣ ಕೊಟ್ಟಳು.

ಹೊಳೆಗೆ ಬಂದ ಮೇಲೆ ಅಕ್ಕೋರು ಘತ್ತರಗಿಯ ದಾರಿ ಬಿಟ್ಟು ಹರಗೋಲು ಹತ್ತಿದರು. "ಬಾಯಿ ಬಿಟ್ರ ನನ್ನ ನೌಕರಿ ಹೋಗ್ತದ ನೋಡ್ರಿ ಬೇ" ಎಂದು ನಕ್ಕರು. ನಾವು ಮೂವರೂ ಗಂಟಲು ಹಿಡಿದು ಆಣೆ ಹಾಕಿದೆವು. ಸುಳ್ಳು ಹೇಳುವ ದೊಡ್ಡವರು ನಮ್ಮನ್ನು ಆ ಸುಳ್ಳಿನೊಳಗೆ ಸೇರಿಸಿಕೊಂಡರಲ್ಲ ಎಂದು ನನಗೆ ಎಷ್ಟು ಹೆಮ್ಮೆ! ಮಂದಬುದ್ಧಿ ಎಂದರೆ ಅದು.

ಬೆಲ್ಲದ ಗೋದಾಮಿನ ಬಾಗಿಲು ಕಿಟಕಿಗೆಲ್ಲ ಗೋಣಿ ತಟ್ಟು ಕಟ್ಟಿ ಹಾಡುಹಗಲೇ ಕತ್ತಲೆ ಮಾಡಿದ್ದರು. ಒಳಗೆ ಬೆಲ್ಲದ ವಾಸನೆ, ಬೀಡಿಯ ಹೊಗೆ, ಬಿಳಿಯ ಪರದೆ. ಮೊದಲು ಲಡಾಯಿ. ವಿಮಾನದ ಹೊಟ್ಟೆ ತೆರೆಯಿತು, ಬಾಂಬುಗಳು ಸಾಲಾಗಿ ಇಳಿದವು, ಕೆಳಗೆ ಹೊಗೆ ಎದ್ದಿತು. ಅದು ಮುಗಿದ ಮೇಲೆ, ಜನ ಎದ್ದು ಹೋಗದಿರಲೆಂದು ಹಾಕಿದಂತೆ, ಈ ನಾಯಿ ಮತ್ತು ಕೋಳಿ.

ಗೋದಾಮು ನಕ್ಕದ್ದು ನಕ್ಕದ್ದೇ. ನಾಯಿ ಮೇಲೆ ಬಂಡೆ ಬಿದ್ದು ಅದು ರೊಟ್ಟಿಯಂತೆ ಚಪ್ಪಟೆಯಾಯಿತು. ಎದ್ದು ತನ್ನ ಹೆಬ್ಬೆರಳನ್ನು ಬಾಯಿಗಿಟ್ಟು ಊದಿಕೊಂಡು ಮತ್ತೆ ದುಂಡಗಾಯಿತು. ಕೋಳಿಯಂತೂ ಇನ್ನೂ ಒಂದು ಕೈ ಮೇಲು. ನೆಲದಲ್ಲಿದ್ದ ಕುಣಿಯನ್ನು ಚಾಪೆ ಸುತ್ತಿದ ಹಾಗೆ ಸುತ್ತಿ, ಕಂಕುಳಲ್ಲಿಟ್ಟುಕೊಂಡು ಹೋಗಿ, ಬೇರೆ ಕಡೆ ಬಿಡಿಸಿ ಹಾಸಿತು. ನಾಯಿ ಬಂದು ಅದರೊಳಗೆ ಹೋಯಿತು. ನಮ್ಮ ಪಕ್ಕ ಕೂತಿದ್ದ ಮುದುಕನೊಬ್ಬ ತೊಡೆ ತಟ್ಟಿಕೊಂಡು, "ಆ ಕುಣಿ ನನಗ ಕೊಡೋ ತಮ್ಮಾ, ನಮ್ಮ ಬಾವಿಗೆ ಬೇಕಾಗ್ಯದ" ಎಂದು ಕೂಗಿದ.

ಮರಳಿ ಬರುವಾಗ ಉಸುಕಿನಲ್ಲಿ ನಡೆಯುತ್ತ ನನಗೆ ಒಂದು ಮಾತು ಹುಳದಂತೆ ಕೊರೆಯತೊಡಗಿತು.

"ಅಕ್ಕೋರೆ, ಬಾಂಬ್ ಕೆಳಗ ನೋಡಲೇ ಇಲ್ರಿ. ಆದ್ರೂ ಬಿತ್ತು. ನಾಯಿ ಯಾಕ ನೋಡೂತನಾ ಬೀಳಲಿಲ್ಲ?"

ಅಕ್ಕೋರು ನಡೆಯುವುದನ್ನು ನಿಲ್ಲಿಸಿದರು. "ಇನ್ನೊಮ್ಮೆ ಹೇಳು ಬೇ" ಎಂದರು. ಹೇಳಿದೆ. ಅವರು ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, "ಎಷ್ಟು ಶಾಣ್ಯಾಕಿ ಇದ್ದಿ ನೀ!" ಎಂದರು. ಆಮೇಲೆ ಅಲ್ಲೇ ಉಸುಕಿನಲ್ಲಿ ಕೂತು ಬೆರಳಿನಿಂದ ನಾಯಿಯ ಚಿತ್ರ ಬರೆದು ತೋರಿಸಿದರು. ಬಾಂಬಿನದು ತೆಗೆದ ಚಿತ್ರ, ಅಲ್ಲಿ ನಡೆದದ್ದನ್ನು ಯಂತ್ರ ಹಿಡಿದದ್ದು. ನಾಯಿಯದು ಬರೆದ ಚಿತ್ರ. ಒಂದೊಂದು ಹೆಜ್ಜೆಗೂ ಬೇರೆ ಬೇರೆ ನಾಯಿ ಬರೆದು, ಸರಸರ ಓಡಿಸಿದರೆ ನಮ್ಮ ಕಣ್ಣು ಅದನ್ನೆಲ್ಲ ಕೂಡಿಸಿ ಒಂದೇ ನಾಯಿ ಎಂದುಕೊಳ್ಳುತ್ತದೆ. "ಬಾಂಬಿಗೆ ಭೂಮಿ ಎಳೀತದ. ನಾಯಿಗೆ ಯಾರು ಎಳೀಬೇಕು? ಬರಿಯಾವ ಬೀಳು ಅಂದಾಗ ಬೀಳ್ತದ" ಎಂದರು.

ದಂಡೆಯಲ್ಲಿ ಅವರೇ ಒಂದು ತೆಂಗಿನಕಾಯಿ ಒಡೆದು ಚೂರು ಮಾಡಿ ನಮ್ಮ ಸೆರಗಿಗೆ ಹಾಕಿದರು. ಅವ್ವ ಅದನ್ನು ಭಾಗ್ಯವಂತಿಯ ಪ್ರಸಾದವೆಂದು ಕಣ್ಣಿಗೊತ್ತಿಕೊಂಡಳು. ಅವಳು ಕೊಟ್ಟ ಖಣ ಏನಾಯಿತೋ ನನಗೆ ಗೊತ್ತಿಲ್ಲ.

ಅಲ್ಲಿಂದ ಸುಮಾರು ಎರಡು ತಿಂಗಳು ನಮ್ಮ ಸಾಲಿಯಲ್ಲಿ ನಡೆದಂಥ ಪಾಠ ಆಮೇಲೆ ನಾನು ಎಲ್ಲಿಯೂ ಕಾಣಲಿಲ್ಲ. ಕಾಣುವ ಅವಕಾಶವೂ ಸಿಗಲಿಲ್ಲವೆನ್ನಿ. ನಮ್ಮನ್ನು ಮಾಳಿಗೆ ಹತ್ತಿಸಿ ಅಕ್ಕೋರು ಎರಡೆರಡು ಸಾಮಾನು ಕೂಡಿಸಿ ಕೆಳಗೆ ಬಿಡಿಸಿದರು. ದೊಡ್ಡ ಕಲ್ಲು, ಸಣ್ಣ ಕಲ್ಲು, ಕುಳ್ಳು, ಹುಳುಕು ಬಿದ್ದ ಕುಂಬಳಕಾಯಿ. ಕೆಳಗೆ ಕೂತ ಹುಡುಗಿಯರು ಯಾವುದು ಮೊದಲು ನೆಲ ಮುಟ್ಟಿತು ಎಂದು ಕೂಗಬೇಕು. ದೊಡ್ಡದು ಮೊದಲು ಬೀಳುತ್ತದೆಂದು ನಾವೆಲ್ಲ ಹಟ ಹಿಡಿದಿದ್ದೆವು. ಎರಡೂ ಕೂಡಿಯೇ ಬಿದ್ದವು. ಎಷ್ಟು ಸಲ ಬಿಟ್ಟರೂ ಕೂಡಿಯೇ ಬಿದ್ದವು. ಕುಂಬಳಕಾಯಿಯೂ ಅಂಚಿನಲ್ಲಿ ನಿಂತು ವಿಚಾರ ಮಾಡಲಿಲ್ಲ. ಕೈ ಬಿಟ್ಟ ಗಳಿಗೆಗೇ ಹೊರಟಿತು. ಪಾಟೀಲರ ಮನೆಯ ಎಮ್ಮೆ ಬಂದು ಅದನ್ನು ತಿಂದಿತು.

ಆಮೇಲೆ ಅಕ್ಕೋರು ನನ್ನ ವಹಿಯಲ್ಲಿ ತಮ್ಮ ಕೈಯಾರೆ ನಡುವೆ ಗೆರೆ ಎಳೆದು ಎರಡು ಭಾಗ ಮಾಡಿದರು. ಒಂದು ಕಡೆ 'ನಮ್ಮ ಕಾನೂನು', ಇನ್ನೊಂದು ಕಡೆ 'ನಾಯಿ ಕಾನೂನು'. ನಾನು ಹೇಳಿದಂತೆ ಅವರು ಬರೆದರು. ನಮ್ಮಲ್ಲಿ ಬಿಟ್ಟ ಕೂಡಲೇ ಬೀಳುತ್ತದೆ, ಅಲ್ಲಿ ತಿಳಿದ ಕೂಡಲೇ ಬೀಳುತ್ತದೆ. ನಮ್ಮಲ್ಲಿ ಕುಣಿ ತೋಡಿದ ಕಡೆಯೇ ಇರುತ್ತದೆ, ಅಲ್ಲಿ ಕಂಕುಳಲ್ಲಿ ಹೋಗುತ್ತದೆ. ಪುಟ ತುಂಬುತ್ತ ಬಂದಾಗ ನನಗೆ ಒಂದು ಹೊಳೆಯಿತು. ನಾಯಿ ಮೂರು ಸಲ ಗುಡ್ಡದಿಂದ ಬಿದ್ದಿತ್ತು. ಮೂರು ಸಲವೂ ಕೆಳಗೆ ನೋಡಿದ ಮೇಲೆಯೇ ಬಿದ್ದಿತ್ತು. ಒಂದು ಸಲವೂ ಮೊದಲು ಬೀಳಲಿಲ್ಲ, ನೋಡಿದ ಮೇಲೆ ಒಂದು ಸಲವೂ ಉಳಿಯಲಿಲ್ಲ. ಹಾಗಾದರೆ ಬರೆಯುವವನು ಮನಸ್ಸಿಗೆ ಬಂದಂತೆ ಬರೆದಿಲ್ಲ. ಅಲ್ಲಿಯೂ ಒಂದು ಕಾನೂನು ಇದೆ, ನಾಯಿ ಅದನ್ನು ಪಾಲಿಸುತ್ತದೆ. ಕಾನೂನೇ ಇಲ್ಲದಿದ್ದರೆ ನಮಗೆ ನಗುವೂ ಬರುತ್ತಿರಲಿಲ್ಲ. ಈಗ ಬೀಳುತ್ತದೆ, ಈಗ ಬೀಳುತ್ತದೆ ಎಂದು ಕಾಯುವುದಕ್ಕೇ ನಗು ಬರುತ್ತದೆ.

ಇದನ್ನು ಹೇಳಿದಾಗ ಅಕ್ಕೋರು ಕಡ್ಡಿ ಕೆಳಗಿಟ್ಟರು. "ಖರೇ ಅದ. ಹೊಳಿ ದಾಟಿದ್ರ ಕಾನೂನು ಇರಂಗಿಲ್ಲಂತಲ್ಲ, ಬ್ಯಾರೆ ಇರ್ತದ. ಹೌದಿಲ್ಲೋ? ಪರದೆನೂ ಒಂದು ಹೊಳಿ ಅಂತ ತಿಳ್ಕೋ. ಆ ಕಡಿ ಬ್ಯಾರೆ ಸರ್ಕಾರ. ಅಲ್ಲಿ ನಮ್ಮ ಕಾನೂನು ನಡಿಯಂಗಿಲ್ಲ." ಬೇರೆ ಸರ್ಕಾರ ಎಂಬ ಮಾತು ಅವರದು. ವಹಿಯಲ್ಲಿ ಅದನ್ನು ಬರೆದದ್ದೂ ಅವರೇ, ಅಡಿಗೆರೆ ಎಳೆದದ್ದೂ ಅವರೇ. ಇನ್ನೂ ಒಂದು ಮಾತು ಹೇಳಿದರು: "ಸಾಹೇಬ್ರು ಬಂದಾಗ ಇದನ್ನೇ ಹೇಳು. ಬಾಯಿಪಾಠ ಒಪ್ಸಾವ್ರು ಮೂರು ತಾಲೂಕಿನಾಗ ಬೇಕಾದಷ್ಟು ಸಿಗ್ತಾರ, ಇಂಥಾದು ಹೇಳಾಕಿ ಒಬ್ಬಾಕಿನೂ ಸಿಗಂಗಿಲ್ಲ. ಎಲ್ಲಿ ನೋಡೀವಿ ಅನ್ನೂದೊಂದು ಬಾಯಿ ಬಿಡಬ್ಯಾಡ."

ಸಾಹೇಬರು ಸುಗ್ಗಿ ಮುಗಿದ ಮೇಲೆ ಟಾಂಗಾದಲ್ಲಿ ಬಂದರು. ಜೊತೆಗೆ ಜಮೀನಿನ ಲೆಕ್ಕ ಬರೆಯುವ ನಮ್ಮೂರ ಪಟವಾರಿ, ಪೊಲೀಸ್ ಪಾಟೀಲ. ಸಾಹೇಬರು ಕೆಟ್ಟವರೇನಲ್ಲ. ಚಿಕ್ಕ ಹುಡುಗಿಯೊಬ್ಬಳ ಬಳೆ ನೋಡಿ ಎಲ್ಲಿ ತೊಡಿಸಿದ್ದು ಎಂದು ಕೇಳಿದರು. ಅವರಿಗೆ ಕನ್ನಡ ಬರುತ್ತಿದ್ದದ್ದು ಅಷ್ಟಕ್ಕಷ್ಟೆ, ಪಟವಾರಿ ನಡುವೆ ನಿಂತು ಹೇಳುತ್ತಿದ್ದ. ಓದಿಸಿದರು, ಲೆಕ್ಕ ಮಾಡಿಸಿದರು. ನಾನು ಒಂದೂ ತಪ್ಪಲಿಲ್ಲ. ಆಮೇಲೆ ನಗುತ್ತ ತಮ್ಮ ಟೋಪಿಯನ್ನು ಎತ್ತಿ ಮೇಜಿನ ಮೇಲೆ ಬೀಳಿಸಿ, ಇದು ಯಾಕೆ ಬಿತ್ತು ಎಂದು ಕೇಳಿದರು.

ನನ್ನ ಎದೆ ಹಿಗ್ಗಿತು. ಇದನ್ನೇ ಕೇಳಲಿ ಎಂದು ಕಾಯುತ್ತಿದ್ದೆ.

"ಜಮೀನು ಎಳಕೊಂತದ್ರಿ ಸಾಹೇಬ್ರೆ. ಅದು ಜಮೀನಿನ ಕಾನೂನ್ರಿ."

ಪಟವಾರಿ ಕಿಸಕ್ಕನೆ ನಕ್ಕ. ಜಮೀನಿನ ಕಾನೂನು ಎಂದರೆ ಅವನ ಹೊಟ್ಟೆಪಾಡು. ಸಾಹೇಬರು ಮಾತ್ರ ತಿಳಿದುಕೊಂಡು "ಶಾಬಾಶ್" ಎಂದರು. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಕಲಬುರಗಿಯಲ್ಲಿರುತ್ತಿದ್ದೆ. ಆದರೆ ಒಳ್ಳೆಯ ಮಾತು ಇನ್ನೂ ಬಾಯಲ್ಲೇ ಇತ್ತಲ್ಲ, ಅಕ್ಕೋರು ಹೇಳು ಎಂದ ಮಾತು.

"ಆದ್ರ ಎಲ್ಲಾ ಕಡಿ ನಡಿಯಂಗಿಲ್ರಿ. ಆ ಕಡಿ ಬ್ಯಾರೆ ಸರ್ಕಾರ ಅದ್ರಿ. ಅಲ್ಲಿ ನಮ್ಮ ಕಾನೂನು ನಡಿಯಂಗಿಲ್ಲ. ಅಲ್ಲಿ ಅಂಜಿ ಕೆಳಗ ನೋಡ್ದಾವ್ರು ಅಷ್ಟೇ ಬೀಳ್ತಾರ್ರಿ. ಅಂಜಲಾರದಾವ್ರು ಬೀಳಂಗಿಲ್ಲ."

ಪಟವಾರಿಯ ನಗು ಹೋಯಿತು. ಪೊಲೀಸ್ ಪಾಟೀಲ ಗೋಡೆಗೊರಗಿದ್ದವನು ನೆಟ್ಟಗೆ ನಿಂತ. ಆ ದಿನಗಳಲ್ಲಿ ಹೊಳೆಯಾಚೆಯಿಂದ ಕರಪತ್ರ ಬರುತ್ತಿದ್ದವು. ಸರ್ಕಾರಕ್ಕೆ ಅಂಜಬೇಡಿರಿ, ಕಾನೂನು ಮುರಿಯಿರಿ ಎಂದು. ಅವನ್ನು ಇಟ್ಟುಕೊಂಡವರನ್ನು ಹುಡುಕುತ್ತಿದ್ದರು. ನಾನು ನಾಯಿಯ ಮಾತು ಆಡುತ್ತಿದ್ದೆ, ಅವರ ಕಿವಿಗೆ ಬಿದ್ದದ್ದು ಕರಪತ್ರ. ಪಟವಾರಿ ಸಾಹೇಬರ ಕಿವಿಯ ಹತ್ತಿರ ಬಾಗಿ ಉರ್ದುವಿನಲ್ಲಿ ಹೇಳಿದ. ಕಾನೂನು, ಸರ್ಕಾರ, ಎರಡೂ ಮಾತು ಎರಡೂ ಭಾಷೆಯಲ್ಲಿ ಒಂದೇ. ತರ್ಜುಮೆ ಮಾಡಲು ಏನೂ ಕಷ್ಟವಿರಲಿಲ್ಲ.

ಸಾಹೇಬರು ನನ್ನನ್ನು ಬಿಟ್ಟು ಅಕ್ಕೋರ ಕಡೆ ತಿರುಗಿದರು. "ಕಿಸ್ನೇ ಸಿಖಾಯಾ?" ಯಾರು ಕಲಿಸಿದರು?

ನನಗೆ ಇನ್ನೂ ಖುಷಿಯೇ. ಈಗ ಅಕ್ಕೋರು ನಗುತ್ತ ವಹಿ ತೆಗೆದು ತೋರಿಸುತ್ತಾರೆ, ಮಾಳಿಗೆಯ ಕುಂಬಳಕಾಯಿಯ ಕಥೆ ಹೇಳುತ್ತಾರೆ, ಸಾಹೇಬರೂ ನಗುತ್ತಾರೆ ಎಂದು ಅವರ ಮುಖವನ್ನೇ ನೋಡುತ್ತಿದ್ದೆ. ಹೊಳೆಯ ಮಾತು ಬೇಕಿರಲಿಲ್ಲ. ಆಳಂದದಲ್ಲಿ ನೋಡಿದ ಸಿನಿಮಾ, ಅದರ ಕಥೆ ಹುಡುಗಿಯರಿಗೆ ಹೇಳಿದೆ ಎಂದಿದ್ದರೂ ಸಾಕಿತ್ತು. ಅಷ್ಟು ಸುಳ್ಳು ಹೇಳಲು ಅವರಿಗೆ ಬಾರದ್ದೇನಲ್ಲ.

ಅಕ್ಕೋರು ಚೆಂದದ ಉರ್ದುವಿನಲ್ಲಿ ಮಾತಾಡಿದರು. ಎಲ್ಲ ನನಗೆ ತಿಳಿಯಲಿಲ್ಲ. ತಿಳಿಯಬೇಕಾದಷ್ಟು ತಿಳಿಯಿತು. ನಾನು ಕಲಿಸಿಲ್ಲ. ಈಕೆಯ ಅಪ್ಪ ಹೊಳೆ ದಾಟಿ ಹೋಗಿ ಬರುತ್ತಿರುತ್ತಾನೆ. ಮನೆಯಲ್ಲಿ ಕೇಳಿರಬೇಕು.

ಇಲ್ಲಿಂದ ಮುಂದೆ ಆಕೆಗೆ ಬಹುವಚನ ಹಚ್ಚಲು ನನ್ನಿಂದಾಗದು.

ನಾಯಿ ಸಿನಿಮಾ ನೋಡಿದ್ದ ಇನ್ನಿಬ್ಬರು ಹುಡುಗಿಯರು ಬರೆಯುವ ಪಾಟಿಯಲ್ಲಿ ಮುಖ ಹುದುಗಿಸಿದ್ದರು. ನಾನು ಬಾಯಿ ತೆರೆದೆ. ಆಕೆ ನನ್ನ ಕಡೆ ನೋಡಿದಳು. ಬೆದರಿಕೆಯ ನೋಟವಲ್ಲ, ಬೇಡುವ ನೋಟ. ಹೊಳೆಯ ದಂಡೆಯಲ್ಲಿ ಗಂಟಲು ಹಿಡಿದು ಹಾಕಿದ ಆಣೆ ನೆನಪಾಯಿತು. ಬಾಯಿ ಮುಚ್ಚಿದೆ. ಹನ್ನೊಂದು ವರ್ಷದ ನಾನು ಮಾತು ಉಳಿಸಿಕೊಂಡೆ. ಇಪ್ಪತ್ತನಾಲ್ಕರ ಆಕೆಗೆ 'ಇದನ್ನೇ ಹೇಳು' ಎಂದ ತನ್ನ ಮಾತು ಆಗ ಬೇಕಾಗಿರಲಿಲ್ಲ.

ಅಪ್ಪನನ್ನು ಹೊಲದಿಂದಲೇ ಕರೆಸಿದರು. ಎರಡು ದಿನ ಚಾವಡಿಯಲ್ಲಿ ಕೂರಿಸಿದರು. ಯಾವ ಸಭೆಗೆ ಹೋಗಿದ್ದಿ, ಕಾಗದ ಯಾರು ಕೊಟ್ಟರು, ಮನೆಯಲ್ಲಿ ಯಾರು ಬರುತ್ತಾರೆ. ಕಾಗದ ಕೊಟ್ಟರೂ ಓದಲು ಬಾರದ ಮನುಷ್ಯ. ಅವನು ಹೊಳೆ ದಾಟುತ್ತಿದ್ದದ್ದು ಆ ಕಡೆಯ ಊರಿಗೆ ಕೊಟ್ಟ ತಂಗಿಯನ್ನು ನೋಡಿ ಬರಲು. ಕೊನೆಗೆ ಊರವರು ನಾಲ್ಕು ಜನ ಜಾಮೀನು ನಿಂತ ಮೇಲೆ, ಇನ್ನು ಹೊಳೆ ದಾಟುವುದಿಲ್ಲ ಎಂದು ಹೆಬ್ಬೆಟ್ಟು ಒತ್ತಿಸಿಕೊಂಡು ಬಿಟ್ಟರು. ಆ ವರ್ಷ ಪಂಚಮಿಗೆ ಅತ್ತೆಯನ್ನು ಕರೆತರಲು ಯಾರೂ ಹೋಗಲಿಲ್ಲ. ಆಕೆ ದಂಡೆಯವರೆಗೂ ಬಂದು ಕಾದು ಹೋದಳೆಂದು ಹರಗೋಲಿನವನು ಹೇಳಿದ.

ಅಪ್ಪ ಮನೆಗೆ ಬಂದು ಕೈಕಾಲು ತೊಳೆದು ಕೂತ. ನನ್ನನ್ನು ಹತ್ತಿರ ಕರೆದ. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆಯಲಿಲ್ಲ.

"ಯಾರು ಕಲಿಸಿದ್ರು ಬೇ ಅದನ್ನ?"

ಅಕ್ಕೋರು ಎನ್ನಬೇಕು, ಹೊಳೆ ಎನ್ನಬೇಕು, ಘತ್ತರಗಿಗೆ ಹೋಗಲಿಲ್ಲ ಎನ್ನಬೇಕು. "ನಾನಽ ವಿಚಾರ ಮಾಡಿ ಹೇಳಿದ್ದೆಪಾ" ಎಂದೆ.

ಅಪ್ಪ ಹೆಬ್ಬೆಟ್ಟಿಗೆ ಉಳಿದಿದ್ದ ಮಸಿಯನ್ನು ಧೋತರಕ್ಕೆ ಉಜ್ಜಿಕೊಂಡ. "ಹಂಗಾದ್ರ ವಿಚಾರ ಮಾಡೂದು ಸಾಕು" ಎಂದ. ಮರುದಿನ ನನಗೆ ಸಾಲಿಗೆ ಹೊರಡು ಎಂದು ಯಾರೂ ಹೇಳಲಿಲ್ಲ.

ವಜೀಫಾ ಜೇವರ್ಗಿಯ ಕಡೆಯ ಹುಡುಗಿಗೆ ಹೋಯಿತು. ಒಳ್ಳೆಯದೇ ಆಯಿತು, ಯಾರಿಗಾದರೂ ಸಿಗಬೇಕಲ್ಲ. ನಾನು ಅವಳನ್ನು ನೋಡಿದವಳಲ್ಲ, ಆದರೂ ಎಷ್ಟೋ ವರ್ಷ ಅವಳು ಕಲಬುರಗಿಯಲ್ಲಿ ಏನು ಓದುತ್ತಿರಬಹುದು ಎಂದು ರೊಟ್ಟಿ ಬಡಿಯುತ್ತ ಲೆಕ್ಕ ಹಾಕುತ್ತಿದ್ದೆ. ಈಗ ಐದನೆಯತ್ತ, ಈಗ ಆರನೆಯತ್ತ. ನನ್ನ ಅಕ್ಷರ ಮಾತ್ರ ನನ್ನನ್ನು ಬಿಡಲಿಲ್ಲ. ಸಾಮಾನು ಕಟ್ಟಿ ತಂದ ಕಾಗದ ಓದಿದೆ, ಮಕ್ಕಳ ಪುಸ್ತಕ ಓದಿದೆ, ಮೊಮ್ಮಕ್ಕಳದೂ ಓದಿದೆ. ದೊಡ್ಡ ಕಲ್ಲು, ಸಣ್ಣ ಕಲ್ಲು ಕೂಡಿಯೇ ಬೀಳುತ್ತವೆ ಎಂದು ಹೈಸ್ಕೂಲಿನ ಪುಸ್ತಕದಲ್ಲಿ ಕಂಡಾಗ ಒಬ್ಬಳೇ ಕೂತು ಅತ್ತೆ.

ಈ ಕಥೆ ಕೇಳಿದವರೆಲ್ಲ ನನಗೆ ಒಂದೇ ಮಾತು ಹೇಳುತ್ತಾರೆ. ಪಾಪ, ಆಕೆಯೂ ಏನು ಮಾಡಿಯಾಳು, ಗಂಡನಿಲ್ಲದ ಹೆಣ್ಣು, ನೌಕರಿ ಹೋದರೆ ಮೂರು ಹೊಟ್ಟೆ ಖಾಲಿ, ಸಿನಿಮಾಕ್ಕೆ ಹುಡುಗಿಯರನ್ನು ಹೊಳೆಯಾಚೆ ಒಯ್ದದ್ದು ಗೊತ್ತಾದರೆ ಊರವರೇ ಬಿಡುತ್ತಿದ್ದರೇ? ಎಲ್ಲ ಖರೆ. ನಾನು ಕಲಿಸಿಲ್ಲ ಎಂದಷ್ಟೇ ಹೇಳಿ ಸುಮ್ಮನಾಗಿದ್ದರೆ ನಾನೂ ಹಾಗೆಯೇ ಹೇಳುತ್ತಿದ್ದೆನೇನೋ. ಅಪ್ಪನ ಮೇಲೆ ಹಾಕಿದಳಲ್ಲ, ಅದಕ್ಕೆ ಯಾರೂ ಉತ್ತರ ಹೇಳುವುದಿಲ್ಲ. ನನಗೆ ಅಂದೂ ಸಿಟ್ಟು, ಇಂದೂ ಸಿಟ್ಟು. ಮುಪ್ಪಾದರೆ ಸಿಟ್ಟು ಇಳಿಯುತ್ತದೆ ಎನ್ನುವವರಿಗೆ ಯಾರ ಮೇಲೂ ಸರಿಯಾಗಿ ಸಿಟ್ಟು ಬಂದಿಲ್ಲ.

ಆಕೆ ನಮ್ಮ ಮನೆಗೆ ಬಂದದ್ದು ಅಪ್ಪ ಬಿಡುಗಡೆಯಾಗಿ ನಾಲ್ಕನೆಯ ದಿನ, ಸಂಜೆಯ ಮುಂದೆ. ಆ ನಾಲ್ಕೂ ದಿನ ನಾನು ಬಾಗಿಲಲ್ಲೇ ಕೂತಿದ್ದೆ. ಬರುತ್ತಾಳೆ ಎಂದು ಗೊತ್ತಿತ್ತು. ಬಂದು ಅಪ್ಪನ ಮುಂದೆ ನಿಜ ಹೇಳುತ್ತಾಳೆ, ಸಾಹೇಬರಿಗೆ ಅಲ್ಲದಿದ್ದರೆ ಅಪ್ಪನಿಗಾದರೂ ಹೇಳುತ್ತಾಳೆ, ಅಷ್ಟಾದರೆ ಅಪ್ಪ ಮತ್ತೆ ಸಾಲಿಗೆ ಕಳಿಸುತ್ತಾನೆ ಎಂದು ನನ್ನ ಲೆಕ್ಕ.

"ಬರ್ರಿ ಅಕ್ಕೋರೆ, ಕುಂಡ್ರಿ" ಎಂದು ಅವ್ವ ಕಂಬಳಿ ಹಾಸಿದಳು. ಮಾತಿನಿಂದ ತಿಳಿಯಿತು, ಸಾಹೇಬರಿಗೆ ಕೈಮುಗಿದು ಅಪ್ಪನನ್ನು ಬಿಡಿಸಿದ್ದು ತಾನೇ ಎಂದು ಆಕೆ ಅವ್ವನಿಗೆ ಮೊದಲೇ ಹೇಳಿ ಕಳಿಸಿದ್ದಳು. ಕೈಮುಗಿದದ್ದು ಖರೆಯೋ ಸುಳ್ಳೋ ನನಗೆ ಇಂದಿಗೂ ಗೊತ್ತಿಲ್ಲ. ಅವ್ವ, "ನಿಮ್ಮ ಉಪಕಾರ ತೀರ್ಸಾಕ ಆಗಂಗಿಲ್ರಿ" ಎಂದು ಕಣ್ಣೊರಸಿಕೊಂಡಳು. ಅಪ್ಪ ಕಟ್ಟೆಯ ಮೇಲೆ ಕೂತಿದ್ದವನು ತಲೆಯ ಮೇಲಿನ ರುಮಾಲು ಸರಿಮಾಡಿಕೊಂಡ.

ಆಕೆ ಕೇಳುವ ಮೊದಲೇ ನಾನು ಒಳಗೆ ಓಡಿ ವಹಿ ತಂದು ಅವಳ ಕೈಗೆ ಕೊಟ್ಟೆ. ಅದನ್ನು ತೆರೆದು ಅಪ್ಪನಿಗೆ ತೋರಿಸುತ್ತಾಳೆ ಎಂದು ಕೊಟ್ಟೆ. ಆಕೆ ತೆರೆದಳು. ಗೆರೆ ಎಳೆದ ಪುಟ ಇದೆಯೋ ಇಲ್ಲವೋ ನೋಡಿದಳು. ತನ್ನ ಅಕ್ಷರ ನೋಡಿದಳು. ಮುಚ್ಚಿ ಸೆರಗಿನೊಳಗೆ ಇಟ್ಟುಕೊಂಡಳು. ಅವ್ವ ಹಾಲು ತರಲು ಒಳಗೆ ಹೋದಾಗ ನನ್ನ ಕಡೆ ಬಾಗಿ, "ಮತ್ಯಾರಿಗೂ ತೋರ್ಸಿಲ್ಲಲ್ಲ?" ಎಂದಳು.

"ಇಲ್ರಿ."

ಆಗ ಆಕೆಯ ಭುಜ ಸಡಿಲಾದದ್ದು ನನಗೆ ಕಾಣಿಸಿತು. ಅದಕ್ಕಾಗಿಯೇ ಬಂದಿದ್ದಳು. ನನಗಾಗಿ ಅಲ್ಲ.

ಹಾಲು ಕುಡಿದು ಆಕೆ ಏಳುವಾಗ ಅವ್ವ ನನ್ನ ಬೆನ್ನ ಮೇಲೆ ಕೈಯಿಟ್ಟು ಮುಂದಕ್ಕೆ ದೂಡಿದಳು. "ನಿಮ್ಮಪ್ಪನ ಉಳಿಸ್ಯಾರ. ಅಕ್ಕೋರ ಕಾಲಿಗೆ ಬೀಳು ಬೇ."

ನಾನು ಬಿದ್ದೆ. ಎಲ್ಲ ತಿಳಿದೇ ಬಿದ್ದೆ. ಆಕೆಯ ಕಾಲಿಗೆ ಸುಣ್ಣದ ಪುಡಿ ಮೆತ್ತಿತ್ತು. ಅವಳ ಕೈ ನನ್ನ ತಲೆಯ ಮೇಲೆ ಬಂತು, ಎಲ್ಲ ಹುಡುಗಿಯರಿಗೂ ಹೇಳುವ ಮಾತು ಅಭ್ಯಾಸದಂತೆ ಅವಳ ಬಾಯಿಂದ ಬಂತು.

"ಛಲೋ ಓದವ್ವಾ."

ಅಪ್ಪ ಅಲ್ಲೇ ಕೂತಿದ್ದ, ಅವ್ವ ಅಲ್ಲೇ ನಿಂತಿದ್ದಳು. ನಾನು ಎದ್ದು, "ಹೂಂ ರಿ ಅಕ್ಕೋರೆ" ಎಂದೆ.